ಒಂಟಿಗಾಲಿನ ಗಿಣಿ

ಸತ್ಯವ್ವನ ಬೆರಳು ಲಟಕ್ಕೆಂದು ಮುರಿಯಿತು. ಆದರೂ ಅವಳು ಬೆಳ್ಳಿಯ ಚಮಚ ಬಿಡಲಿಲ್ಲ.

"ಬಿಡಬೇ, ಕಳ್ಳಿ!" ಎಂದು ರಬಕವಿಯ ಸೀರೆ ವ್ಯಾಪಾರಿ ಸುಭಾಷ್ ಅವಳ ಮುಖಕ್ಕೆ ಹೊಡೆದ. ಇನ್ನೊಂದು ಬೆರಳನ್ನೂ ಹಿಂದಕ್ಕೆ ಮಣಿಸತೊಡಗಿದ. ಸೀರೆ ಕೊಳ್ಳಲು ಬಂದವಳು ಅಂಗಡಿಯ ಗಾಜಿನ ಕಪಾಟು ತೆರೆದು, ಅವನು ಊರೂರು ಅಲೆದು ಕೂಡಿಸಿದ್ದ ಸಂಸ್ಥಾನದ ಕಾಲದ ಚಮಚಗಳಲ್ಲಿ ಒಂದನ್ನು ಎತ್ತಿಕೊಂಡಿದ್ದಳು. ಅದರ ಹಿಡಿಕೆಯ ತುದಿಯಲ್ಲಿ ಮುಧೋಳದ ಬೇಟೆನಾಯಿಯ ತಲೆಯಿತ್ತು.

"ಕದಿಯಾಕ ಬಂದಿಲ್ರಿ." ಸತ್ಯವ್ವ ಬಾಯೊಳಗಿನ ರಕ್ತ ಉಗುಳಿದಳು. "ನಾಯಿ ತಲಿ ನೋಡಿದ ಕೂಡ್ಲೆ ಗುರುತು ಹತ್ತಿತು. ಇದರ ಹಿಂದ ಒಂಟಿಗಾಲಿನ ಗಿಣಿ ಇರತೈತಿ. ಅದು ನಮ್ಮಜ್ಜನ ಮುದ್ರಿ. ಅವನ ಕೆಲಸ ಒಮ್ಮಿ ಮುಟ್ಟಬೇಕನಿಸ್ತು."

ಸುಭಾಷನ ಕೈ ಸಡಿಲಾಯಿತು. ಅವಳು ಚಮಚವನ್ನು ತಿರುಗಿಸಿಯೂ ನೋಡಿರಲಿಲ್ಲ. ಆ ಗಿಣಿ ಯಾರ ಮುದ್ರೆಯೆಂದು ಹನ್ನೆರಡು ವರ್ಷಗಳಿಂದ ಅವನು ಮುಧೋಳ, ಜಮಖಂಡಿಯ ಅಕ್ಕಸಾಲಿಗ ಪತ್ತಾರರ ಮನೆಮನೆಗೂ ಹೋಗಿ ಕೇಳಿದ್ದ, ಯಾರಿಗೂ ಗೊತ್ತಿರಲಿಲ್ಲ. ಈಗ ಗಡಿಬಿಡಿಯಿಂದ ಪೆನ್ನು ಹುಡುಕಿದ.

"ತಪ್ಪಾತ್ರಿ ಬಾಯಾರ. ಕುಂಡ್ರಿ, ನೀರು ಕುಡೀರಿ. ನಿಮ್ಮ ಅಜ್ಜಾರ ಹೆಸರೇನ್ರಿ? ಅಷ್ಟು ಹೇಳಿಬಿಡ್ರಿ."

ಸತ್ಯವ್ವ ಅವನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. ಚಮಚಕ್ಕೆ ಹತ್ತಿದ ರಕ್ತವನ್ನು ಸೆರಗಿನಿಂದ ಒರೆಸಿ, ಅದನ್ನು ಮೆಲ್ಲಗೆ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಊದಿಕೊಳ್ಳುತ್ತಿದ್ದ ಕೈಯನ್ನು ಎದೆಗೊತ್ತಿಕೊಂಡು ಬಾಗಿಲಿಗೆ ನಡೆದಳು.

"ಚಮಚಾ ನೀವ ಇಟ್ಕೋರಿ, ಸಾವಕಾರ್ರ. ಹೆಸರು ಹೇಳಂಗಿಲ್ಲ."