ನಿಂತುಬಿಟ್ಟ ಡಿಫೆಂಡರ್

"ಇಲ್ಲಿ ಯಾಕೆ ನಿಂತೆ?" ಕೋಚ್ ವಿಡಿಯೊವನ್ನು ಮತ್ತೆ ಹಿಂದಕ್ಕೆ ಓಡಿಸಿದರು. ಎದುರಾಳಿ ಚೆಂಡಿನೊಂದಿಗೆ ನುಗ್ಗುತ್ತಿದ್ದಾನೆ. ತಂಡದ ಡಿಫೆಂಡರ್, ಕೋಚ್‌ನ ಸ್ವಂತ ಅಕ್ಕನ ಮಗ, ಬೆನ್ನಟ್ಟದೆ ಕಂಬದಂತೆ ನಿಂತಿದ್ದಾನೆ. ಫುಟ್‌ಬಾಲ್ ಫೈನಲ್ ಕೈತಪ್ಪಿದ್ದು ಆ ಒಂದೇ ಗೋಲಿನಿಂದ.

ಡ್ರೆಸ್ಸಿಂಗ್ ರೂಮಿನಲ್ಲಿ ಉಳಿದಿದ್ದವರು ಇಬ್ಬರೇ. ಅಳಿಯ ತಲೆ ತಗ್ಗಿಸಿ ಶೂ ದಾರ ಬಿಚ್ಚುತ್ತಲೇ ಇದ್ದ. ಅದನ್ನು ಕಂಡು ಕೋಚ್‌ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ತಾವು ಚಾಂಪಿಯನ್ ತಂಡದ ಡಿಫೆಂಡರ್ ಆಗಿದ್ದ ಕಾಲದಲ್ಲಿ ಹೀಗೆ ಸುಮ್ಮನೆ ದಾರಿ ಬಿಟ್ಟವರನ್ನು ಅವರು ನೋಡಿದ್ದರು. ಅದರ ಹಿಂದೆ ಏನಿರುತ್ತದೆ ಎಂಬುದೂ ಗೊತ್ತಿತ್ತು.

"ಮ್ಯಾಚನ್ನ ಯಾರಿಗೆ ಮಾರಿಕೊಂಡೆ, ಹೇಳು. ನಿಮ್ಮಮ್ಮಂಗೆ ನಾನು ಹೇಗೆ ಮುಖ ತೋರಿಸಲಿ?"

"ನೀವೇ ನಿಲ್ಲಿಸಿದ್ರಿ, ಮಾವ. ಬೆಂಚಿಂದ ಎದ್ದು ಆಫ್‌ಸೈಡ್ ಅಂತ ಕೈ ಎತ್ತಿದ್ರಲ್ಲ. ರೆಫ್ರಿ ಆಟ ನಿಲ್ಲಿಸ್ತಾರೆ ಅಂದ್ಕೊಂಡು ನಾನೂ ನಿಂತೆ. ನೀವು ಆಡೋವಾಗ ನಿಮ್ಮ ಕೈ ಎದ್ರೆ ಲೈನ್ಸ್‌ಮನ್ ಬಾವುಟಾನೂ ಏಳ್ತಿತ್ತು ಅಂತ ನೀವೇ ತಾನೆ ಹೇಳ್ತಿದ್ದಿದ್ದು?"

"ತಪ್ಪು ಮಾಡಿ ನನ್ನ ತಲೆಗೆ ಕಟ್ಟಬೇಡ. ಕೋಚ್ ಆದೋನು ನಾನ್ಯಾಕೆ ಕೈ ಎತ್ತಲಿ?"

ಕೋಚ್ ಹಲ್ಲು ಕಚ್ಚಿಕೊಂಡು ವಿಡಿಯೊ ಮತ್ತೆ ಹಾಕಿದರು. ಎದುರಾಳಿ ನುಗ್ಗಿದ. ಅಳಿಯ ಪರದೆಯತ್ತ ನೋಡಲಿಲ್ಲ, ಮಾವನ ಬಲಗೈಯನ್ನೇ ನೋಡುತ್ತಿದ್ದ. ಅದು ಆಗಲೇ ತಲೆಯ ಮೇಲಕ್ಕೆ ಎದ್ದು ನಿಂತಿತ್ತು.