ಸೂರ್ಯಕಾಂತಿ ಬೀಜದ ಸಿಪ್ಪೆ

ಹುರಿದ ಸೂರ್ಯಕಾಂತಿ ಬೀಜದ ವಾಸನೆ ಬಂದರೆ ಈಗಲೂ ನನಗೆ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಎಂಟು ವರ್ಷದವಳು. ಅಪ್ಪನ ಫ್ಯಾಕ್ಟರಿಯಲ್ಲೇ ದುಡಿದು ನಿವೃತ್ತರಾಗಿದ್ದ ಸ್ಪೇನಿನ ಮುದುಕರೊಬ್ಬರು ನಮ್ಮ ಎದುರು ಮನೆಯಲ್ಲಿದ್ದರು. ಸ್ಪೇನಿನಲ್ಲಿ ಅವರೂರಿನ ದೊಡ್ಡ ಫುಟ್‌ಬಾಲ್ ಸ್ಟೇಡಿಯಂ ಕೆಡವುವವರಿದ್ದರು. ಅಲ್ಲಿನ ಕೊನೆಯ ಪಂದ್ಯವನ್ನು ಟಿವಿಯಲ್ಲಿ ನೋಡಲು ಅಪ್ಪನನ್ನು, ನನ್ನನ್ನು, ಬೆಂಗಳೂರಿನಿಂದ ಬಂದಿದ್ದ ಅಜ್ಜಿಯನ್ನು ಕರೆದಿದ್ದರು.

ಆಟ ಶುರುವಾಯಿತು. ಮುದುಕರು ಬಟ್ಟಲಿನಿಂದ ಸೂರ್ಯಕಾಂತಿ ಬೀಜ ತೆಗೆದು ಕಚ್ಚಿ, ಸಿಪ್ಪೆಯನ್ನು ಹೊಳೆಯುವ ಮರದ ನೆಲಕ್ಕೇ ಉಗಿದರು. ನಾನು ಗಾಬರಿಯಿಂದ ಅಜ್ಜಿಯ ಮುಖ ನೋಡಿದೆ. ನಾನು ಕಚ್ಚಿ ಕುಡಿದ ಲೋಟವನ್ನೂ ಎಂಜಲೆಂದು ಮುಟ್ಟದವರು ಅವರು.

"ಏನೋ ಇದು, ಮನೆ ಒಳಗೇ?" ಎಂದರು ಮೆಲ್ಲಗೆ.

ಅಪ್ಪ ಸ್ವೀಡಿಷ್‌ನಲ್ಲಿ ವಿಚಾರಿಸಿ ಹೇಳಿದರು: "ಸ್ಟೇಡಿಯಂನಲ್ಲಿ ಎಲ್ರೂ ಹೀಗೇನಂತಮ್ಮ. ಚಿಕ್ಕೋರಿದ್ದಾಗ ಇವರ ತಂದೆ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ್ದಂತೆ. ತಂದೆ ಹೋದ್ಮೇಲೆ ಅವರ ಬೂದೀನ ಅಲ್ಲೇ, ಗೋಲ್ ಹಿಂದಿನ ಹುಲ್ಲಿಗೆ ಹಾಕಿದಾರಂತೆ."

"ಮತ್ತೆ, ಕೆಡವಿದ ಮೇಲೆ?" ಎಂದರು ಅಜ್ಜಿ.

ಆ ಪ್ರಶ್ನೆಯನ್ನು ಅಪ್ಪ ಸ್ವೀಡಿಷ್‌ನಲ್ಲಿ ಕೇಳಲಿಲ್ಲ.

ಪಂದ್ಯ ಮುಗಿದರೂ ಟಿವಿಯೊಳಗಿನ ಜನ ಎದ್ದು ಹೋಗಲಿಲ್ಲ. ಮುದುಕರೂ ಅಲುಗಲಿಲ್ಲ. ಅವರ ಕೈಯಲ್ಲಿದ್ದ ಬೀಜಗಳು ಹಾಗೇ ಉಳಿದಿದ್ದವು. ಹೊರಗೆ ಬಿಸಿಲು ಇನ್ನೂ ಬೆಳ್ಳಗಿತ್ತು. ಸಿಪ್ಪೆ ಗುಡಿಸಲೆಂದು ಪೊರಕೆ ಹುಡುಕಲು ನಾನು ಎದ್ದೆ. ಅಜ್ಜಿ ನನ್ನ ಕೈ ಹಿಡಿದು ಕೂರಿಸಿದರು.

ಆಮೇಲೆ ಬಟ್ಟಲಿನಿಂದ ಒಂದು ಬೀಜ ತೆಗೆದು ಬಾಯಿಗಿಟ್ಟುಕೊಂಡು ಕಚ್ಚಿದರು. ಸೆರಗನ್ನು ಒತ್ತಿ ಹಿಡಿದು, ಮುಂದಕ್ಕೆ ಬಾಗಿ, ಸಿಪ್ಪೆಯನ್ನು ಮುದುಕರ ಸಿಪ್ಪೆಗಳ ಪಕ್ಕದಲ್ಲೇ ನೆಲಕ್ಕೆ ಉಗಿದರು.