ಗಾಳಿ ಕಮ್ಮಿ ಇರುವ ಪೆಟ್ಟಿಗೆ

ಚನ್ನವೀರಯ್ಯನವರು ವಾಸ್ತು ಬಿಟ್ಟು ಒಂದು ಹೆಜ್ಜೆ ಇಟ್ಟವರಲ್ಲ. ಮಂಡಿ ಸವೆದು ಹೆಜ್ಜೆ ಇಡುವುದೇ ಕಷ್ಟವಾದ ಮೇಲೂ, ಡಾಕ್ಟರ ಕೋಣೆಯಲ್ಲಿ ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿಕೊಂಡೇ ಕೂತರು.

"ಫ್ಯಾನ್ ಸ್ವಲ್ಪ ಜೋರು ಮಾಡಿ ಡಾಕ್ಟ್ರೇ. ಗಾಳಿ ಇಲ್ಲದ ಕಡೆ ನಂಗೆ ಐದು ನಿಮಿಷ ಕೂರಕ್ಕಾಗಲ್ಲ."

ಹೆಂಡತಿ ಸರ್ವಮಂಗಳಮ್ಮ ಎದ್ದು ಫ್ಯಾನ್ ಜೋರು ಮಾಡಿದರು.

ಡಾಕ್ಟರು ಹೊಸ ಚಿಕಿತ್ಸೆಯನ್ನು ವಿವರಿಸಿದರು. ಸೊಂಟದ ಮೂಳೆಯೊಳಗಿಂದ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ತೆಗೆದು, ಬೆಳೆಸಿ, ಸವೆದ ಮಂಡಿಗೆ ಹಾಕುವುದು.

"ಮಂಡಿ ಒಳಗೆ ಆಮ್ಲಜನಕ ತುಂಬಾ ಕಮ್ಮಿ ಇರುತ್ತೆ. ಸುಖವಾಗಿ ಬೆಳೆದ ಕೋಶ ಅಲ್ಲಿಗೆ ಹೋದ್ರೆ ಹೆಚ್ಚು ದಿನ ಬಾಳಲ್ಲ. ಅದಕ್ಕೇ ಮೊದಲು ಮೂರು ದಿನ ಗಾಳಿ ಕಮ್ಮಿ ಇರೋ ಪೆಟ್ಟಿಗೇಲಿ ಇಟ್ಟು ಪಳಗಿಸ್ತೀವಿ. ಹಂಗೆ ಪಳಗಿದ್ದು ಬದುಕಿ ರಿಪೇರಿ ಕೆಲಸ ಮಾಡುತ್ತೆ."

"ಭೇಷ್!" ಎಂದರು ಚನ್ನವೀರಯ್ಯ. ಅಷ್ಟರಲ್ಲಿ ಮೇಜಿನ ಮೇಲಿದ್ದ ಗೇಣುದ್ದದ ಸೂಜಿ ಅವರ ಕಣ್ಣಿಗೆ ಬಿತ್ತು. ದನಿ ಇಳಿಯಿತು. "ಬೇರೆಯವರ ಕೋಶ ಆಗುತ್ತಾ ಡಾಕ್ಟ್ರೇ?"

"ಆಗುತ್ತೆ."

"ಹಂಗಾದ್ರೆ ಇವಳದ್ದು ತಗೊಳ್ಳಿ. ಗಟ್ಟಿ ಜೀವ, ಎಲ್ಲಾ ತಡ್ಕೋತಾಳೆ."

ಡಾಕ್ಟರು ಸರ್ವಮಂಗಳಮ್ಮನವರ ಕಡೆ ತಿರುಗಿದರು. "ನಿಮಗೆ ಒಪ್ಪಿಗೇನಾ ಅಮ್ಮಾ?"

"ಧಾರಾಳವಾಗಿ ತಗೊಳ್ಳಿ. ಆದ್ರೆ ನಿಮ್ಮ ಪೆಟ್ಟಿಗೆ ಬೇಕಾಗಲ್ಲ," ಎಂದರು ಆಕೆ, ಸೆರಗು ಸರಿಮಾಡಿಕೊಳ್ಳುತ್ತ. "ವಾಸ್ತು ಸರಿಯಿಲ್ಲ ಅಂತ ಇವರು ಅಡಿಗೆಮನೆ ಕಿಟಕಿಗೆ ಗೋಡೆ ಕಟ್ಟಿಸಿ ಮೂವತ್ತೊಂದು ವರ್ಷ ಆಯ್ತು."